ಅಗ್ಗದ ಕಾಗದದ ಮೇಲಿನ ಸ್ಮೃತಿ: ಅಮೆರಿಕದ ಭಯಾನಕ ಚಿತ್ರಪತ್ರಿಕೆಗಳೂ ಅವುಗಳ ಓದುಗರೂ

ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಕವಿ, ಕೃತಿ, ಆಶ್ರಯದಾತ ಎಂಬ ಮೂವರನ್ನು ಬಹುಕಾಲದಿಂದ ಗಮನಿಸುತ್ತ ಬಂದಿದ್ದಾರೆ. ಓದುಗ ಎಂಬ ನಾಲ್ಕನೆಯವನು ಆ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ತಿಥಿವಾರಗಳನ್ನೂ ಬರೆದು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುವ ಕಡೆಗಳಲ್ಲಿ ಮಾತ್ರ ಅವನ ನೆರಳು ಸುಳಿಯುತ್ತದೆ. ಅಚ್ಚಿನ ಯುಗದಲ್ಲಿ ಓದುಗನ ಧ್ವನಿ ಇನ್ನಷ್ಟು ಸ್ಪಷ್ಟವಾಗಿ ಉಳಿಯಬೇಕಾಗಿತ್ತು. ಆದರೆ ಆ ಧ್ವನಿ ಇರುವುದು ಬಹುಪಾಲು ಅಗ್ಗದ ಪತ್ರಿಕೆಗಳಲ್ಲಿ. ಅಗ್ಗದ ಪತ್ರಿಕೆಗಳನ್ನು ವಿದ್ವತ್ ಸಂಸ್ಥೆಗಳು ಕೂಡಿಡುವುದಿಲ್ಲ. ಆದ್ದರಿಂದ ನಮಗೆ ಹತ್ತಿರದ ಕಾಲದ ಓದುಗನೇ ಕೆಲವೊಮ್ಮೆ ದೂರದ ಕಾಲದ ಓದುಗನಿಗಿಂತ ಹೆಚ್ಚು ಅಪರಿಚಿತನಾಗಿ ಬಿಡುತ್ತಾನೆ.

ಈ ಸಮಸ್ಯೆಯನ್ನು ನೋಡಲು ನಾವು ಪ್ರಸ್ತುತ ಲೇಖನದಲ್ಲಿ ಆರಿಸಿಕೊಂಡಿರುವ ನಿದರ್ಶನ ನಮ್ಮ ನಾಡಿನದಲ್ಲ. 1958ರಿಂದ ಸುಮಾರು ಕಾಲು ಶತಮಾನ ಅಮೆರಿಕದಲ್ಲಿ ಪ್ರಕಟವಾದ ಭಯಾನಕ ಚಿತ್ರಪತ್ರಿಕೆಗಳು, ಅವುಗಳ ಸುತ್ತ ಬೆಳೆದ ಅಭಿಮಾನಿ ಸಮುದಾಯ, ಆ ಸಮುದಾಯದವರು ಮುಪ್ಪಿನಲ್ಲಿ ಬರೆದಿಟ್ಟ ಅಕ್ಕರೆಯ ನೆನಪುಗಳು ಇಲ್ಲಿನ ವಸ್ತು. ಇಂಥ ನೆನಪುಗಳನ್ನು ಬಾಲ್ಯದ ಹಂಬಲವೆಂದು ತಳ್ಳಿಹಾಕುವುದು ಸುಲಭ. ಆ ಹಂಬಲವೇ ಒಂದು ಕಲಾಪ್ರಕಾರದ ಚರಿತ್ರೆಯನ್ನು ಉಳಿಸಿತು ಎಂಬುದು ನಮ್ಮ ವಾದ. ಅದನ್ನು ಆಧಾರವೆಂದು ಸ್ವೀಕರಿಸುವಾಗ ವಹಿಸಬೇಕಾದ ಎಚ್ಚರವನ್ನೂ ಜೊತೆಯಲ್ಲೇ ಸೂಚಿಸುತ್ತೇವೆ.

1. ಹಿನ್ನೆಲೆ

ಮಾನ್‌ಸ್ಟರ್ ಎಂಬ ಇಂಗ್ಲಿಷ್ ಶಬ್ದಕ್ಕೆ ಸಮನಾದ ಒಂದೇ ಶಬ್ದ ಕನ್ನಡದಲ್ಲಿಲ್ಲ. ರಾಕ್ಷಸ, ಭೂತ, ಬೇತಾಳ, ಮರುಳು, ಪೆಡಂಭೂತ ಎಂಬ ನಮ್ಮ ಶಬ್ದಗಳು ಬೇರೆ ಬೇರೆ ಜಾತಿಯ ಜೀವಿಗಳನ್ನು ಹೇಳುತ್ತವೆ. ಅಮೆರಿಕದ ಚಲನಚಿತ್ರವು ಈ ಎಲ್ಲ ಜಾತಿಗಳನ್ನು ಒಂದೇ ಕುಟುಂಬವಾಗಿ ಕಂಡಿತು. ಲಾನ್ ಚಾನಿ ನಟಿಸಿದ ಮೂಕಿ ಚಿತ್ರಗಳಾದ ‘ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’ (1923), ‘ಫ್ಯಾಂಟಮ್ ಆಫ್ ದಿ ಆಪೆರಾ’ (1925) ಇದಕ್ಕೆ ತಳಹದಿಯಾದವು. ಯೂನಿವರ್ಸಲ್ ಸಂಸ್ಥೆ 1931ರಲ್ಲಿ ಬೇಲಾ ಲುಗೋಸಿಯ ‘ಡ್ರಾಕುಲ’ವನ್ನೂ ಬೋರಿಸ್ ಕಾರ್ಲಾಫನ ‘ಫ್ರಾಂಕೆನ್‌ಸ್ಟೈನ್’ ಚಿತ್ರವನ್ನೂ ಬಿಡುಗಡೆ ಮಾಡಿತು. ‘ದಿ ಮಮ್ಮಿ’ (1932), ‘ದಿ ಇನ್‌ವಿಸಿಬಲ್ ಮ್ಯಾನ್’ (1933), ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ (1935), ‘ದಿ ವುಲ್ಫ್ ಮ್ಯಾನ್’ (1941) ಅದೇ ಸಂಸ್ಥೆಯಿಂದ ಬಂದವು. ಬೇರೊಂದು ಸಂಸ್ಥೆಯ ‘ಕಿಂಗ್ ಕಾಂಗ್’ (1933) ಕೂಡ ಈ ಕುಟುಂಬಕ್ಕೆ ಸೇರಿತು. ಕಾರ್ಲಾಫನ ಚಪ್ಪಟೆ ತಲೆಯ ರೂಪವನ್ನು ಕಲ್ಪಿಸಿದ ಪ್ರಸಾಧನಕಾರ ಜ್ಯಾಕ್ ಪಿಯರ್ಸ್. ಇಂದು ಜಗತ್ತಿನ ಯಾವ ಮೂಲೆಯ ಮಗುವೂ ಗುರುತಿಸಬಲ್ಲ ಆ ಮುಖ, ಮೂಲ ಕಾದಂಬರಿ ಬರೆದ ಮೇರಿ ಶೆಲ್ಲಿಯ ವರ್ಣನೆಗಿಂತ ಹೆಚ್ಚಾಗಿ ಪಿಯರ್ಸ್‌ನ ಕೈಚಳಕಕ್ಕೆ ಋಣಿಯಾಗಿದೆ.

ಆ ಕಾಲದ ಚಿತ್ರವೊಂದು ಊರಿನ ಚಿತ್ರಮಂದಿರದಿಂದ ಹೊರಟರೆ ಮತ್ತೆ ಬರುವ ಭರವಸೆ ಇರಲಿಲ್ಲ. ಮನೆಯಲ್ಲಿ ಚಿತ್ರವನ್ನು ಇಟ್ಟುಕೊಂಡು ಬೇಕಾದಾಗ ನೋಡುವ ಸೌಕರ್ಯ ದಶಕಗಳಷ್ಟು ದೂರದಲ್ಲಿತ್ತು. ಈ ಸ್ಥಿತಿಯನ್ನು ಬದಲಿಸಿದ್ದು ದೂರದರ್ಶನ. 1957ರ ಅಕ್ಟೋಬರಿನಲ್ಲಿ ಸ್ಕ್ರೀನ್ ಜೆಮ್ಸ್ ಎಂಬ ಸಂಸ್ಥೆ ಯೂನಿವರ್ಸಲ್ಲಿನ 52 ಹಳೆಯ ಚಿತ್ರಗಳನ್ನು ‘ಶಾಕ್’ ಎಂಬ ಹೆಸರಿನ ಒಂದು ಕಟ್ಟಾಗಿ ಸ್ಥಳೀಯ ದೂರದರ್ಶನ ಕೇಂದ್ರಗಳಿಗೆ ಒದಗಿಸಿತು. ಕೇಂದ್ರಗಳು ಇವನ್ನು ರಾತ್ರಿ ಹೊತ್ತು ಮೀರಿದ ಮೇಲೆ ತೋರಿಸಿದವು. ಪ್ರತಿ ಚಿತ್ರಕ್ಕೂ ಮುನ್ನ ಶವಪೆಟ್ಟಿಗೆಯ ಪಕ್ಕದಲ್ಲೋ ಸಮಾಧಿಗೃಹದಲ್ಲೋ ಕುಳಿತು ಹಾಸ್ಯಮಾಡುತ್ತ ಚಿತ್ರವನ್ನು ಪರಿಚಯಿಸುವ ನಿರೂಪಕರು ಹುಟ್ಟಿಕೊಂಡರು. ಫಿಲಡೆಲ್ಫಿಯಾದಲ್ಲಿ ಪ್ರಸಿದ್ಧನಾಗಿ ಬಳಿಕ ನ್ಯೂಯಾರ್ಕಿಗೆ ಹೋದ ಜಾನ್ ಝಾಕರ್ಲಿ ಇವರಲ್ಲಿ ಮುಖ್ಯನು. ಲಾಸ್ ಏಂಜಲೀಸಿನಲ್ಲಿ ವ್ಯಾಂಪೈರಾ ಎಂಬ ವೇಷದ ಮಾಯಿಲಾ ನುರ್ಮಿ 1954ರಲ್ಲೇ ಈ ಪದ್ಧತಿಗೆ ದಾರಿ ತೋರಿದ್ದಳು. ತಂದೆತಾಯಿಯರು ತಾರುಣ್ಯದಲ್ಲಿ ಕಂಡಿದ್ದ ಚಿತ್ರಗಳು ಇಪ್ಪತ್ತೈದು ವರ್ಷಗಳ ಬಳಿಕ ಮಕ್ಕಳ ಪಾಲಿಗೆ ಹೊಸದಾಗಿ ಬಂದವು.

ಇದೇ ಹೊತ್ತಿನಲ್ಲಿ ಇನ್ನೊಂದು ಬಾಗಿಲು ಮುಚ್ಚಿತ್ತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಮಿಕ್ಸ್ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂದು ವಾದಿಸಿದನು. ಅದೇ ವರ್ಷ ಅಮೆರಿಕದ ಸೆನೆಟ್ಟಿನ ಉಪಸಮಿತಿ ಈ ವಿಷಯದಲ್ಲಿ ಬಹಿರಂಗ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ನಿಯಮಾವಳಿಯನ್ನು ರೂಪಿಸಿಕೊಂಡರು. ಅದರಂತೆ ಪಿಶಾಚಿ, ರಕ್ತಪಾನಿ, ನರವೃಕಗಳು ಕಾಮಿಕ್ಸ್ ಪುಟಗಳಿಂದ ಹೊರಬಿದ್ದವು. ಒಂದು ಕಡೆ ನಿಷಿದ್ಧವಾದ ಭಯಾನಕವು ಇನ್ನೊಂದು ಕಡೆ ದೂರದರ್ಶನದಲ್ಲಿ ಮನೆಯೊಳಗೇ ಬಂದು ನಿಂತಿತು. ನಾವು ಚರ್ಚಿಸಲಿರುವ ಪತ್ರಿಕೆ ಹುಟ್ಟಿದ್ದು ಈ ಇಕ್ಕಟ್ಟಿನ ಜಾಗದಲ್ಲಿ.

2. ಪತ್ರಿಕೆಯ ಹುಟ್ಟು

ಫಾರೆಸ್ಟ್ ಜೆ. ಅಕರ್ಮನ್ (1916–2008) ಲಾಸ್ ಏಂಜಲೀಸಿನವನು. 1926ರ ಅಕ್ಟೋಬರ್ ತಿಂಗಳ ‘ಅಮೇಜಿಂಗ್ ಸ್ಟೋರೀಸ್’ ಸಂಚಿಕೆಯಿಂದ ಆರಂಭವಾದ ಅವನ ಸಂಗ್ರಹದ ಹವ್ಯಾಸ ಜೀವನವಿಡೀ ನಡೆಯಿತು. 1939ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಅವನು ಭವಿಷ್ಯಕಾಲದ ಮನುಷ್ಯನ ವೇಷದಲ್ಲಿ ಹೋಗಿದ್ದನು. ವೇಷ ತೊಟ್ಟು ಸಮ್ಮೇಳನಕ್ಕೆ ಬರುವ ಅಭಿಮಾನಿಗಳ ಇಂದಿನ ಪದ್ಧತಿಯ ಮೂಲವನ್ನು ಹಲವರು ಅಲ್ಲಿ ಗುರುತಿಸುತ್ತಾರೆ. ಆ ವೇಷವನ್ನು ಹೊಲಿದವಳು ಅವನ ಸಂಗಡವೇ ವೇಷ ಧರಿಸಿ ಬಂದ ಮಿರ್ಟಲ್ ಡಗ್ಲಸ್ ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. ಲೇಖಕ ರೇ ಬ್ರ್ಯಾಡ್‌ಬರಿ, ಬೊಂಬೆಗಳನ್ನು ಚಲಿಸುವಂತೆ ಚಿತ್ರೀಕರಿಸಿ ದೈತ್ಯಜೀವಿಗಳನ್ನು ಸೃಷ್ಟಿಸಿದ ರೇ ಹ್ಯಾರಿಹೌಸನ್ ಇಬ್ಬರೂ ಅಕರ್ಮನ್ನನ ತಾರುಣ್ಯದ ಗೆಳೆಯರು.

1957ರಲ್ಲಿ ಅಕರ್ಮನ್ ಯೂರೋಪಿಗೆ ಹೋಗಿ, ಅದ್ಭುತ-ಭಯಾನಕ ಚಿತ್ರಗಳಿಗೇ ಮೀಸಲಾದ ಒಂದು ಫ್ರೆಂಚ್ ಚಲನಚಿತ್ರ ಪತ್ರಿಕೆಯ ವಿಶೇಷ ಸಂಚಿಕೆಯನ್ನು ತಂದನು. ಫಿಲಡೆಲ್ಫಿಯಾದ ತರುಣ ಪ್ರಕಾಶಕ ಜೇಮ್ಸ್ ವಾರೆನ್ ಅದನ್ನು ಕಂಡು, ಇಂಥದೊಂದು ಇಂಗ್ಲಿಷಿನಲ್ಲಿ ಬರಬಹುದೆಂದು ಭಾವಿಸಿದನು. ಅಕರ್ಮನ್ನನ ಮನಸ್ಸಿನಲ್ಲಿದ್ದುದು ಗಂಭೀರವಾದ ಒಂದು ಸಚಿತ್ರ ಚರಿತ್ರೆ. ವಾರೆನ್ನನಿಗೆ ಬೇಕಾಗಿದ್ದುದು ಹನ್ನೊಂದು-ಹನ್ನೆರಡರ ಹುಡುಗ ನಕ್ಕು ಓದುವ ಪತ್ರಿಕೆ. ಇಬ್ಬರ ಬಯಕೆಯ ನಡುವಿನ ರಾಜಿಯಾಗಿ 1958ರ ಫೆಬ್ರವರಿಯಲ್ಲಿ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಹೊರಬಂದಿತು. ಬೆಲೆ 35 ಸೆಂಟು. ಒಂದೇ ಸಂಚಿಕೆಯೆಂದು ಯೋಜಿತವಾಗಿದ್ದ ಅದು ಚೆನ್ನಾಗಿ ಮಾರಾಟವಾದುದರಿಂದ ನಿಯತಕಾಲಿಕವಾಯಿತು. ಅಕರ್ಮನ್ 1982ರವರೆಗೆ ಅದರ ಸಂಪಾದಕನಾಗಿದ್ದನು. 1983ರಲ್ಲಿ ವಾರೆನ್ನನ ಪ್ರಕಾಶನ ಸಂಸ್ಥೆ ದಿವಾಳಿಯಾಗುವುದರೊಂದಿಗೆ ಪತ್ರಿಕೆ ನಿಂತಿತು.

ಇದರ ಯಶಸ್ಸು ಹಲವು ಪತ್ರಿಕೆಗಳಿಗೆ ಪ್ರೇರಣೆಯಾಯಿತು. ಕ್ಯಾಲ್ವಿನ್ ಬೆಕ್ ಹೊರತಂದ ‘ಕ್ಯಾಸಲ್ ಆಫ್ ಫ್ರಾಂಕೆನ್‌ಸ್ಟೈನ್’ (1962–1975) ಇನ್ನಷ್ಟು ಪ್ರೌಢ ಓದುಗರನ್ನು ಉದ್ದೇಶಿಸಿತ್ತು. ಅದು ವಿದೇಶೀ ಚಿತ್ರಗಳನ್ನೂ ವಿಮರ್ಶೆಯನ್ನೂ ಒಳಗೊಂಡಿತು. ಫ್ರಾನ್ಸಿನಲ್ಲಿ 1962ರಿಂದ ‘ಮಿದಿ-ಮಿನ್ಯುಯಿ ಫಾಂತಾಸ್ತಿಕ್’ ಹೆಚ್ಚು ವೈಚಾರಿಕವಾದ ದಾರಿಯಲ್ಲಿ ನಡೆಯಿತು. ವಾರೆನ್ ತಾನೇ 1964ರಲ್ಲಿ ‘ಕ್ರೀಪಿ’ ಎಂಬ ಚಿತ್ರಕಥಾ ಪತ್ರಿಕೆಯನ್ನು ಪ್ರಾರಂಭಿಸಿದನು. ಕಪ್ಪುಬಿಳುಪಿನಲ್ಲಿ ದೊಡ್ಡ ಆಕಾರದಲ್ಲಿ ಅಚ್ಚಾದುದರಿಂದ ಅದು ಮಾಸಪತ್ರಿಕೆಯೆನಿಸಿತೇ ಹೊರತು ಕಾಮಿಕ್ಸ್ ಎನಿಸಲಿಲ್ಲ. 1954ರ ನಿಯಮಾವಳಿ ಅದಕ್ಕೆ ತಗಲಲಿಲ್ಲ. ಕಾಗದದ ಅಳತೆಯೊಂದು ಸಾಹಿತ್ಯಪ್ರಕಾರವೊಂದರ ಅಳಿವು ಉಳಿವನ್ನು ನಿರ್ಣಯಿಸಿದ ಈ ಪ್ರಸಂಗ ಗ್ರಂಥಚರಿತ್ರೆಯ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರವಾಗಿದೆ.

3. ಭಯ ಮತ್ತು ನಗೆ

ಈ ಪತ್ರಿಕೆಯ ಶೈಲಿಯ ಬಗ್ಗೆ ಒಂದು ಮಾತು ಹೇಳುವುದು ಅವಶ್ಯಕ. ಅದರ ಪುಟಪುಟದಲ್ಲಿಯೂ ಶ್ಲೇಷೆ. ಓದುಗರ ಪತ್ರಗಳ ಅಂಕಣದ ಶೀರ್ಷಿಕೆಯಲ್ಲಿ ಕೋರೆಹಲ್ಲು ಇಣುಕುತ್ತದೆ. ಓದುಗರು ಕೇಳಿದ ಚಿತ್ರಗಳನ್ನು ಮುದ್ರಿಸುವ ಅಂಕಣದಲ್ಲಿ ‘ಕೇಳು’ ಎಂಬರ್ಥದ ಶಬ್ದ ಕೊಡಲಿಯ ಹೆಸರಾಗಿ ಮಾರ್ಪಡುತ್ತದೆ. ಪ್ರೌಢ ವಿಮರ್ಶಕರು ಇದನ್ನು ಬಾಲಿಶವೆಂದರು. ಗಂಭೀರ ಅಭಿಮಾನಿಗಳೂ ಬೆಳೆದಂತೆ ಈ ಶ್ಲೇಷೆಗಳಿಂದ ಬೇಸತ್ತರು.

ನಮ್ಮ ಅಲಂಕಾರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ಮಿಶ್ರಣ ಕುತೂಹಲಕಾರಿಯಾದುದು. ಭಯವು ಭಯಾನಕದ ಸ್ಥಾಯಿಭಾವ. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಭಯಾನಕ, ಕರುಣ ಎರಡೂ ಹಾಸ್ಯಕ್ಕೆ ವಿರೋಧಿಗಳೆಂದು ಹೇಳಿದೆ. ಆದರೆ ಕವಿಗಳು ಶಾಸ್ತ್ರದ ಈ ಗೆರೆಯೊಳಗೆ ಎಂದೂ ಪೂರ್ತಿಯಾಗಿ ನಿಂತವರಲ್ಲ. ರನ್ನನ ಗದಾಯುದ್ಧದ ರಣರಂಗದಲ್ಲಿ ಮರುಳುಗಳು ದುರ್ಯೋಧನನನ್ನು ಅಣಕಿಸುತ್ತವೆ. ಪಿಶಾಚಿ ಎಂಬ ಅರ್ಥವೂ ಬುದ್ಧಿಗೆಟ್ಟವನು ಎಂಬ ಅರ್ಥವೂ ಒಂದೇ ಶಬ್ದದಲ್ಲಿ ಇರುವುದರಿಂದ, ಅಲ್ಲಿ ನಿಜವಾದ ಮರುಳು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಹೆಣಗಳ ನಡುವಿನ ಆ ನಗೆ ಭಯವನ್ನು ಅಳಿಸುವುದಿಲ್ಲ. ಭಯದ ಎದುರು ನಿಂತು ನೋಡುವ ಧೈರ್ಯವನ್ನು ಅದು ಓದುಗನಿಗೆ ಕೊಡುತ್ತದೆ. ಅಕರ್ಮನ್ನನ ಶ್ಲೇಷೆ ರನ್ನನ ಎತ್ತರದ್ದೆಂದು ನಾವು ಹೇಳುತ್ತಿಲ್ಲ. ಆದರೆ ಅದರ ಪ್ರಯೋಜನ ಇದೇ ಬಗೆಯದು. ಹತ್ತು ವರ್ಷದ ಹುಡುಗನಿಗೆ ಅದು ಹೆದರಿಕೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದಾದ ವಸ್ತುವನ್ನಾಗಿ ಮಾಡಿಕೊಟ್ಟಿತು.

ಮುಖಪುಟಗಳು ಇದಕ್ಕೆ ವ್ಯತಿರಿಕ್ತವಾಗಿ ಗಂಭೀರವಾಗಿದ್ದವು. ಈಜಿಪ್ಟಿನಲ್ಲಿ ಗ್ರೀಕ್ ಮನೆತನದಲ್ಲಿ ಜನಿಸಿದ ಕಲಾವಿದ ಬೇಸಿಲ್ ಗೋಗೋಸ್ (1929–2017) 1960ರಿಂದ ಈ ಪತ್ರಿಕೆಗೆ ವರ್ಣಚಿತ್ರಗಳನ್ನು ರಚಿಸಿದನು. ಕಪ್ಪುಬಿಳುಪಿನ ಚಿತ್ರಗಳ ಪಾತ್ರಗಳನ್ನು ಅವನು ಹಸಿರು, ಕೆಂಪು, ನೇರಳೆಯ ಬೆಳಕಿನಲ್ಲಿ ಮೂಡಿಸಿದನು. ಆ ಮುಖಗಳಲ್ಲಿ ಕ್ರೌರ್ಯಕ್ಕಿಂತ ದೈನ್ಯವೇ ಹೆಚ್ಚು. ಅಭಿಮಾನಿಗಳ ನೆನಪುಗಳನ್ನು ಓದಿದಾಗ ಮತ್ತೆ ಮತ್ತೆ ಎದುರಾಗುವ ಮಾತೊಂದಿದೆ: ತಾವು ಹೆದರಿದ್ದು ಊರಿನ ಜನ ಪಂಜು ಹಿಡಿದು ಅಟ್ಟಿಸಿಕೊಂಡು ಬಂದಾಗ, ತಮ್ಮ ಕನಿಕರ ಇದ್ದುದು ಅಟ್ಟಿಸಿಕೊಂಡವನ ಮೇಲೆ ಎಂಬುದು. ಶಾಲೆಯಲ್ಲಿ ಒಂಟಿಯಾಗಿದ್ದ, ಆಟದಲ್ಲಿ ಯಾರೂ ಸೇರಿಸಿಕೊಳ್ಳದ ಮಕ್ಕಳು ಕಾರ್ಲಾಫನ ಪಾತ್ರದಲ್ಲಿ ತಮ್ಮನ್ನು ಕಂಡುಕೊಂಡರು. ಭಯಾನಕವು ಸಹೃದಯನಲ್ಲಿ ಕರುಣವಾಗಿ ಪರಿಣಮಿಸಿದ ಬಗೆ ಇದು.

4. ಓದುಗ ಸಮುದಾಯ

ಪತ್ರಿಕೆಯೊಂದು ಮಾರಾಟವಾಗುವುದು ಬೇರೆ, ಸಮುದಾಯವನ್ನು ಕಟ್ಟುವುದು ಬೇರೆ. ಫೇಮಸ್ ಮಾನ್‌ಸ್ಟರ್ಸ್ ಓದುಗರ ಪತ್ರಗಳನ್ನು ಮಾತ್ರವಲ್ಲದೆ ಅವರ ಭಾವಚಿತ್ರಗಳನ್ನೂ ಮುದ್ರಿಸಿತು. ಇಂಥ ಓದುಗರು ಇನ್ನಷ್ಟು ಬೇಕೆಂದು ಕೋರುವ ತಲೆಬರಹದ ಕೆಳಗೆ ಸಣ್ಣ ಊರಿನ ಹುಡುಗನೊಬ್ಬನ ಮುಖ ಅಚ್ಚಾಗುತ್ತಿತ್ತು. ತನ್ನ ಊರಿನಲ್ಲಿ ಈ ಹುಚ್ಚು ತನಗೊಬ್ಬನಿಗೇ ಇದೆಯೆಂದು ತಿಳಿದಿದ್ದವನಿಗೆ ದೇಶದ ತುಂಬ ತನ್ನಂಥವರಿದ್ದಾರೆಂದು ಗೊತ್ತಾದುದು ಈ ಪುಟಗಳಿಂದ.

ಇದರಿಂದ ಎರಡು ಫಲಗಳುಂಟಾದವು. ಮೊದಲನೆಯದು ಅಭಿಮಾನಿಗಳೇ ಬರೆದು, ಸೈಕ್ಲೋಸ್ಟೈಲ್ ಮಾಡಿ, ಅಂಚೆಯಲ್ಲಿ ಹಂಚುವ ಖಾಸಗಿ ಪತ್ರಿಕೆಗಳ ಬೆಳವಣಿಗೆ. ಇವಕ್ಕೆ ಫ್ಯಾನ್‌ಝೀನ್ ಎಂಬ ಹೆಸರು ವಿಜ್ಞಾನಕಥೆಯ ಅಭಿಮಾನಿಗಳಲ್ಲಿ 1940ರಷ್ಟು ಹಿಂದೆಯೇ ಹುಟ್ಟಿತ್ತು. ಬಾಲ್ಟಿಮೋರಿನ ಹದಿಹರೆಯದ ಹುಡುಗ ಗ್ಯಾರಿ ಸ್ವೆಹ್ಲಾ 1963ರಲ್ಲಿ ಆರಂಭಿಸಿದ ‘ಗೋರ್ ಕ್ರೀಚರ್ಸ್’ ಮುಂದೆ ‘ಮಿಡ್‌ನೈಟ್ ಮಾರ್ಕೀ’ ಎಂಬ ಹೆಸರಿನಲ್ಲಿ ದಶಕಗಳ ಕಾಲ ನಡೆಯಿತು. ಫ್ರೆಡರಿಕ್ ಕ್ಲಾರ್ಕ್ 1970ರಲ್ಲಿ ಹೊರತಂದ ‘ಸಿನೆಫಾಂತಾಸ್ತೀಕ್’ ಗಂಭೀರ ವಿಮರ್ಶೆಯ ಪತ್ರಿಕೆಯಾಗಿ ಬೆಳೆಯಿತು. ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ ಚಿತ್ರಗಳಿಗೆ ಮೀಸಲಾದ ‘ಲಿಟ್ಲ್ ಶಾಪ್ ಆಫ್ ಹಾರರ್ಸ್’ 1972ರಲ್ಲಿ ಅಮೆರಿಕದ ಅಭಿಮಾನಿಯಿಂದಲೇ ಹೊರಟಿತು. ಚಿತ್ರವೊಂದರ ತಾರಾಗಣ, ತಾಂತ್ರಿಕರ ಹೆಸರು, ಚಿತ್ರೀಕರಣದ ದಿನಾಂಕ, ಕತ್ತರಿಸಿ ಹಾಕಿದ ದೃಶ್ಯಗಳು ಇವನ್ನೆಲ್ಲ ಮುದುಕರಾಗಿದ್ದ ನಟರನ್ನೂ ತಂತ್ರಜ್ಞರನ್ನೂ ಕೇಳಿ ದಾಖಲಿಸಿದವರು ಇಂಥ ಪತ್ರಿಕೆಗಳವರು. ವಿಶ್ವವಿದ್ಯಾನಿಲಯಗಳು ಈ ಪ್ರಕಾರವನ್ನು ಪಠ್ಯವಾಗಿ ಒಪ್ಪಿಕೊಳ್ಳುವ ಹೊತ್ತಿಗೆ ಆ ತಂತ್ರಜ್ಞರಲ್ಲಿ ಅನೇಕರು ಉಳಿದಿರಲಿಲ್ಲ.

ಈ ಸಂದರ್ಭದಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 1954ರಲ್ಲಿ ಕಾಮಿಕ್ಸ್ ವಿರುದ್ಧ ಕಹಳೆ ಊದಿದ ಅದೇ ವರ್ಥಮ್ 1973ರಲ್ಲಿ ಫ್ಯಾನ್‌ಝೀನ್‌ಗಳ ಲೋಕವನ್ನು ಕುರಿತು ಒಂದು ಪುಸ್ತಕ ಬರೆದನು. ಅದು ಖಂಡನೆಯ ಪುಸ್ತಕವಲ್ಲ. ಲಾಭದ ಆಸೆಯಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಎಳೆಯರು ನಡೆಸುವ ಈ ಸಂವಹನವನ್ನು ಅವನು ಸಹಾನುಭೂತಿಯಿಂದ ಕಂಡನು. ಓದುವ ವಸ್ತುವನ್ನು ಮಾತ್ರ ನೋಡಿದಾಗ ಕೇಡೆಂದು ತೋರಿದ್ದು, ಓದುವವರನ್ನು ನೋಡಿದಾಗ ಬೇರೆಯಾಗಿ ಕಂಡಿತು.

ಎರಡನೆಯ ಫಲ ಗುರುವಿಲ್ಲದ ಒಂದು ವಿದ್ಯಾಭ್ಯಾಸ. ವಾರೆನ್ನನ ಸಂಸ್ಥೆ 1965ರಲ್ಲಿ ಪ್ರಸಾಧನಕಾರ ಡಿಕ್ ಸ್ಮಿತ್ ಬರೆದ ಕೈಪಿಡಿಯೊಂದನ್ನು ಪ್ರಕಟಿಸಿತು. ಮನೆಯಲ್ಲೇ ಸಿಗುವ ಪದಾರ್ಥಗಳಿಂದ ವಿಕಾರರೂಪಗಳನ್ನು ಮಾಡುವ ವಿಧಾನ ಅದರಲ್ಲಿತ್ತು. ಅದನ್ನು ಓದಿದ ಹುಡುಗರಲ್ಲಿ ರಿಕ್ ಬೇಕರ್ ಒಬ್ಬನು. ಅವನು ಸ್ಮಿತ್ತನಿಗೆ ಪತ್ರ ಬರೆದು ಪರಿಚಯ ಮಾಡಿಕೊಂಡನು. ಮುಂದೆ ‘ದಿ ಎಕ್ಸಾರ್ಸಿಸ್ಟ್’ (1973) ಚಿತ್ರದಲ್ಲಿ ಅವನಿಗೆ ಸಹಾಯಕನಾದನು. ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ (1981) ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆದನು. ತಾನು ನೋಡಿದ ಭಯಾನಕ ಚಿತ್ರಗಳಲ್ಲಿ ಅತಿ ಕೆಟ್ಟವು ಯಾವುವೆಂದು ಪಟ್ಟಿಮಾಡಿ 1962ರಲ್ಲಿ ಫೇಮಸ್ ಮಾನ್‌ಸ್ಟರ್ಸ್‌ನಲ್ಲಿ ಪ್ರಕಟಿಸಿದ ಹುಡುಗ ಜೋ ಡಾಂಟೆ ಮುಂದೆ ‘ಗ್ರೆಮ್ಲಿನ್ಸ್’ (1984) ಚಿತ್ರದ ನಿರ್ದೇಶಕನಾದನು. ಸುಮಾರು 1960ರಲ್ಲಿ ಸ್ಟೀಫನ್ ಕಿಂಗ್ ಎಂಬ ಹುಡುಗ ಅಕರ್ಮನ್ನನಿಗೆ ಒಂದು ಕಥೆ ಕಳುಹಿಸಿದ್ದನು. ಅದು ಸ್ವೀಕೃತವಾಗಲಿಲ್ಲ. ಆದರೆ ಅಕರ್ಮನ್ ಅದನ್ನು ಎಸೆಯಲೂ ಇಲ್ಲ. ಕಿಂಗ್ ವಿಖ್ಯಾತನಾದ ಮೇಲೆ, ಪುಸ್ತಕಗಳಿಗೆ ಹಸ್ತಾಕ್ಷರ ಹಾಕುತ್ತ ಕುಳಿತಿದ್ದಾಗ, ಅಕರ್ಮನ್ ಸರತಿಯಲ್ಲಿ ನಿಂತು ಬಂದು ಅದೇ ಬೆರಳಚ್ಚಿನ ಹಾಳೆಗಳನ್ನು ಮುಂದಿಟ್ಟು ಹಸ್ತಾಕ್ಷರ ಕೇಳಿದನೆಂದು ಕಿಂಗ್ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಸಂಗ್ರಾಹಕನ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ಸಿಗುವುದು ಕಷ್ಟ. ಯಾವುದು ಮುಂದೆ ಬೆಲೆಯುಳ್ಳದ್ದಾದೀತೆಂದು ಮೊದಲೇ ತಿಳಿಯದು. ಆದ್ದರಿಂದಲೇ ಅವನು ಎಲ್ಲವನ್ನೂ ಇಟ್ಟುಕೊಳ್ಳುತ್ತಾನೆ.

5. ಕಳೆದುಹೋದ ಕೃತಿ, ಉಳಿದ ತುಣುಕು

ಲಾನ್ ಚಾನಿ ನಟಿಸಿ ಟಾಡ್ ಬ್ರೌನಿಂಗ್ ನಿರ್ದೇಶಿಸಿದ ‘ಲಂಡನ್ ಆಫ್ಟರ್ ಮಿಡ್‌ನೈಟ್’ (1927) ಎಂಬ ಮೂಕಿ ಚಿತ್ರ ಇಂದು ಲಭ್ಯವಿಲ್ಲ. ಉಳಿದಿದ್ದ ಕೊನೆಯ ಪ್ರತಿ 1960ರ ದಶಕದಲ್ಲಿ ಚಿತ್ರಸಂಸ್ಥೆಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ನಾಶವಾಯಿತೆಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಎತ್ತರದ ಟೋಪಿ, ಕೆದರಿದ ಕೂದಲು, ಗರಗಸದಂಥ ಹಲ್ಲುಗಳ ಚಾನಿಯ ಆ ವೇಷ ಭಯಾನಕ ಚಿತ್ರಗಳನ್ನು ಬಲ್ಲ ಎಲ್ಲರಿಗೂ ಪರಿಚಿತ. ಚಿತ್ರವನ್ನು ನೋಡಿರದ ಒಂದು ತಲೆಮಾರಿಗೆ ಆ ಮುಖ ಪರಿಚಿತವಾಗುವುದರಲ್ಲಿ ಫೇಮಸ್ ಮಾನ್‌ಸ್ಟರ್ಸ್‌ನ ಪಾಲು ದೊಡ್ಡದು. ಅಕರ್ಮನ್ ತನ್ನ ಸಂಗ್ರಹದಿಂದ ಅದರ ಸ್ಥಿರಚಿತ್ರಗಳನ್ನು ಮತ್ತೆ ಮತ್ತೆ ಮುದ್ರಿಸಿದನು. 2002ರಲ್ಲಿ ಅಮೆರಿಕದ ದೂರದರ್ಶನ ವಾಹಿನಿಯೊಂದಕ್ಕಾಗಿ ರಿಕ್ ಶ್ಮಿಡ್ಲಿನ್ ಉಳಿದ ಸ್ಥಿರಚಿತ್ರಗಳನ್ನೇ ಚಿತ್ರಕಥೆಯ ಕ್ರಮದಲ್ಲಿ ಜೋಡಿಸಿ ಅದರ ಒಂದು ಪುನಾರಚನೆಯನ್ನು ಸಿದ್ಧಪಡಿಸಿದನು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸ್ಥಿತಿ ಹೊಸದಲ್ಲ. ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ನಮಗೆ ದೊರೆತಿಲ್ಲ. ಸಂಕಲನಕಾರರು ಆಯ್ದುಕೊಂಡ ಪದ್ಯಗಳಿಂದಲೇ ಅವುಗಳ ಸ್ವರೂಪವನ್ನು ಊಹಿಸಬೇಕಾಗಿದೆ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವವನ್ನು ಕಟ್ಟಿದನು. ಅವನ ಮಗ ಕೇಶಿರಾಜನು ಶಬ್ದಮಣಿದರ್ಪಣದ ಸೂತ್ರಗಳಿಗೆ ಪೂರ್ವಕವಿಗಳಿಂದ ಉದಾಹರಣೆಗಳನ್ನು ಎತ್ತಿಕೊಂಡನು. ತಂದೆಗೆ ಬೇಕಾಗಿದ್ದುದು ಹದಿನೆಂಟು ಬಗೆಯ ವರ್ಣನೆಗಳ ಮಾದರಿ. ಮಗನಿಗೆ ಬೇಕಾಗಿದ್ದುದು ವ್ಯಾಕರಣದ ಪ್ರಯೋಗ. ಕಳೆದುಹೋಗಲಿರುವ ಕಾವ್ಯಗಳನ್ನು ಉಳಿಸುತ್ತಿದ್ದೇವೆಂಬ ಅರಿವು ಇಬ್ಬರಿಗೂ ಇದ್ದಿರಲಾರದು. ಅಕರ್ಮನ್ನನ ಉದ್ದೇಶವೂ ಓದುಗರನ್ನು ರಂಜಿಸುವುದಾಗಿತ್ತು. ಉದ್ದೇಶ ಯಾವುದೇ ಆಗಿರಲಿ, ಪ್ರೀತಿಯಿಂದ ಆಯ್ದು ಇನ್ನೊಬ್ಬರ ಮುಂದಿಟ್ಟ ತುಣುಕು ಮೂಲ ನಾಶವಾದ ಮೇಲೆ ಪ್ರಮಾಣವಾಗುತ್ತದೆ. ಹೀಗೆ ಉಳಿಸಿದವರು ಒಂದು ಕಡೆ ಆಸ್ಥಾನದ ವಿದ್ವಾಂಸರು, ಇನ್ನೊಂದು ಕಡೆ ಬೀದಿಬದಿಯ ಅಂಗಡಿಯಲ್ಲಿ ಮಾರುವ ಪತ್ರಿಕೆಯವರು. ಪರಿಣಾಮದಲ್ಲಿ ಈ ವ್ಯತ್ಯಾಸಕ್ಕೆ ಮಹತ್ವವಿಲ್ಲ.

6. ಸ್ಮೃತಿಯ ಮಿತಿಗಳು

ಇಷ್ಟು ಹೇಳಿದ ಮೇಲೆ ಎಚ್ಚರದ ಮಾತನ್ನೂ ಹೇಳಬೇಕು. ಅಕ್ಕರೆಯ ನೆನಪು ಆಯ್ಕೆ ಮಾಡುತ್ತದೆ, ಚೊಕ್ಕಟಗೊಳಿಸುತ್ತದೆ. 1970ರ ದಶಕದ ಸಂಚಿಕೆಗಳಲ್ಲಿ ಹಳೆಯ ಲೇಖನಗಳನ್ನೇ ಮತ್ತೆ ಅಚ್ಚುಹಾಕುವುದು ಹೆಚ್ಚಾಗಿತ್ತು. ನೆನಪಿನಲ್ಲಿ ಈ ಪುನರುಕ್ತಿ ಮಾಯವಾಗಿ ಒಂದು ಅಖಂಡ ಸುವರ್ಣಯುಗ ಮಾತ್ರ ಉಳಿಯುತ್ತದೆ. ಪತ್ರಿಕೆ ಬಹುಮಟ್ಟಿಗೆ ಹುಡುಗರನ್ನೇ ಉದ್ದೇಶಿಸಿ ಮಾತಾಡಿತು. ಓದುತ್ತಿದ್ದ ಹುಡುಗಿಯರು ಆ ಚರಿತ್ರೆಯಲ್ಲಿ ಅಂಚಿಗೆ ಸರಿದಿದ್ದಾರೆ. ಸಂಚಿಕೆಯ ಅರ್ಧಕ್ಕೆ ಹತ್ತಿರದ ಭಾಗವನ್ನು ಮುಖವಾಡ, ಬೊಂಬೆ, ಚಿತ್ರಸುರುಳಿಗಳನ್ನು ಅಂಚೆಯಲ್ಲಿ ಮಾರುವ ಜಾಹೀರಾತುಗಳು ಆಕ್ರಮಿಸುತ್ತಿದ್ದುದೂ ಉಂಟು. ಅಭಿಮಾನವೂ ವ್ಯಾಪಾರವೂ ಅಲ್ಲಿ ಒಂದೇ ಹೊದಿಕೆಯೊಳಗೆ ಬಂದವು. ಪತ್ರಿಕೆ 1993ರಲ್ಲಿ ಹೊಸ ಪ್ರಕಾಶಕನಿಂದ ಮರುಹುಟ್ಟು ಪಡೆದ ಮೇಲೆ ಅಕರ್ಮನ್ನನಿಗೂ ಆ ಪ್ರಕಾಶಕನಿಗೂ ವಿವಾದವುಂಟಾಗಿ, 2000ರಲ್ಲಿ ನ್ಯಾಯಾಲಯದ ತೀರ್ಪು ಅಕರ್ಮನ್ನನ ಪರವಾಗಿ ಬಂದಿತು. ಪ್ರೀತಿಯ ಹೆಸರಿಗೂ ಮಾಲೀಕತ್ವದ ಜಗಳ ತಪ್ಪಲಿಲ್ಲ.

ಸಣ್ಣದಾದರೂ ಬೋಧಪ್ರದವಾದ ಇನ್ನೊಂದು ಸಂಗತಿಯಿದೆ. ಮೂಲ ಪತ್ರಿಕೆಯ ಕೊನೆಯ ಸಂಚಿಕೆಯ ಸಂಖ್ಯೆ 191. ಆದ್ದರಿಂದ 191 ಸಂಚಿಕೆಗಳು ಬಂದವೆಂದು ಹಲವರು ಬರೆಯುತ್ತಾರೆ. ವಾಸ್ತವದಲ್ಲಿ 69ರ ಮುಂದಿನ ಸಂಚಿಕೆಗೆ 80 ಎಂದು ಸಂಖ್ಯೆ ಕೊಡಲಾಯಿತು. 70ರಿಂದ 79ರವರೆಗಿನ ಸಂಚಿಕೆಗಳು ಆ ಹೆಸರಿನಲ್ಲಿ ಅಚ್ಚಾಗಲೇ ಇಲ್ಲ. ಅದೇ ಸಂಸ್ಥೆಯ ‘ಮಾನ್‌ಸ್ಟರ್ ವರ್ಲ್ಡ್’ ಎಂಬ ಸೋದರಪತ್ರಿಕೆಯ ಹತ್ತು ಸಂಚಿಕೆಗಳನ್ನು ಲೆಕ್ಕಕ್ಕೆ ಸೇರಿಸಿಕೊಂಡಿದ್ದು ಇದಕ್ಕೆ ಕಾರಣ. ಸಿಗದ ಆ ಹತ್ತು ಸಂಚಿಕೆಗಳಿಗಾಗಿ ಪರದಾಡದ ಸಂಗ್ರಾಹಕರಿಲ್ಲ. ಪ್ರತಿಗಳನ್ನು ಕೈಯಲ್ಲಿ ಹಿಡಿದು ಹೋಲಿಸಿದವರಿಗೆ ಮಾತ್ರ ಈ ತೊಡಕು ಬಿಡುತ್ತದೆ. ಗರಿಯ ಸಂಖ್ಯೆ ತಪ್ಪಿದಲ್ಲಿ ಗ್ರಂಥಪಾತವೋ ಲಿಪಿಕಾರನ ಎಣಿಕೆಯ ದೋಷವೋ ಎಂದು ವಿಚಾರಿಸುವ ನಮ್ಮ ಗ್ರಂಥಸಂಪಾದನೆಯ ವಿಧಾನವೇ ಇಲ್ಲಿಯೂ ಅನ್ವಯಿಸುತ್ತದೆ. ನೆನಪು ದಾರಿ ತೋರಿಸಬಲ್ಲದು, ನಿರ್ಣಯಕ್ಕೆ ಪ್ರತಿಯೇ ಬೇಕು.

7. ಚದುರಿದ ಮನೆ

ಪ್ರತಿಗಳು ಉಳಿಯಬೇಕಾದರೆ ಅವಕ್ಕೆ ಒಂದು ಮನೆ ಬೇಕು. ಅಕರ್ಮನ್ನನ ಮನೆ ಅಂಥದಾಗಿತ್ತು. ಲಾಸ್ ಏಂಜಲೀಸಿನಲ್ಲಿ ಹದಿನೆಂಟು ಕೋಣೆಗಳ ಆ ಮನೆಯಲ್ಲಿ ಸುಮಾರು 3 ಲಕ್ಷ ವಸ್ತುಗಳಿದ್ದವೆಂದು ಹೇಳಲಾಗಿದೆ. ಪುಸ್ತಕ, ಪತ್ರಿಕೆ, ಸ್ಥಿರಚಿತ್ರಗಳಲ್ಲದೆ ‘ಕಿಂಗ್ ಕಾಂಗ್’ ಚಿತ್ರದಲ್ಲಿ ಬಳಸಿದ ಪ್ರಾಣಿಗಳ ಬೊಂಬೆಗಳೂ, ಲುಗೋಸಿಯ ಉಂಗುರವೂ, ನಾಶವಾದ ಆ ಮೂಕಿ ಚಿತ್ರದಲ್ಲಿ ಚಾನಿ ಧರಿಸಿದ್ದ ಟೋಪಿ ಮತ್ತು ಹಲ್ಲುಗಳೂ ಅಲ್ಲಿದ್ದವು. ಶನಿವಾರಗಳಂದು ಅವನು ಅಪರಿಚಿತ ಅಭಿಮಾನಿಗಳಿಗೆ ಬಾಗಿಲು ತೆರೆದು ತಾನೇ ಎಲ್ಲವನ್ನೂ ತೋರಿಸುತ್ತಿದ್ದನು. ಶುಲ್ಕವಿರಲಿಲ್ಲ. ಸಂಗ್ರಹವನ್ನು ಒಂದಾಗಿ ಕಾಪಾಡುವ ವಸ್ತುಸಂಗ್ರಹಾಲಯಕ್ಕಾಗಿ ಅವನು ಬಹುಕಾಲ ಪ್ರಯತ್ನಿಸಿದನು. ಅದು ಈಡೇರಲಿಲ್ಲ. ವೃದ್ಧಾಪ್ಯದಲ್ಲಿ ಅನಾರೋಗ್ಯದ ಮತ್ತು ವ್ಯಾಜ್ಯದ ಖರ್ಚಿನ ಒತ್ತಡದಿಂದ 2002ರಲ್ಲಿ ಮನೆಯನ್ನು ಬಿಟ್ಟು ಸಂಗ್ರಹದ ಬಹುಭಾಗವನ್ನು ಮಾರಬೇಕಾಯಿತು. 2008ರ ಡಿಸೆಂಬರ್ 4ರಂದು ಅವನು ತೀರಿಕೊಂಡ ಮೇಲೆ ಉಳಿದದ್ದೂ ಹರಾಜಾಯಿತು.

ಅಮೆರಿಕದ ಸರಕಾರಿ ಅಂಚೆ ಇಲಾಖೆ 1997ರಲ್ಲಿ ಈ ಚಿತ್ರಗಳ ಪಾತ್ರಗಳ ಮೇಲೆ ಐದು ಅಂಚೆಚೀಟಿಗಳನ್ನು ಹೊರಡಿಸಿತ್ತು. ಪಾತ್ರಗಳಿಗೆ ರಾಷ್ಟ್ರದ ಮನ್ನಣೆ ದೊರೆತ ಐದೇ ವರ್ಷಗಳಲ್ಲಿ ಅವುಗಳ ಅತಿದೊಡ್ಡ ಸಂಗ್ರಹ ಚದುರಿತು. ಸಂಸ್ಥೆಗಳು ಪೂರ್ತಿಯಾಗಿ ನಿದ್ರಿಸುತ್ತಿದ್ದವೆನ್ನಲಾಗದು. ಬೌಲಿಂಗ್ ಗ್ರೀನ್ ವಿಶ್ವವಿದ್ಯಾನಿಲಯದಲ್ಲಿ 1969ರಲ್ಲೇ ಜನಪ್ರಿಯ ಸಂಸ್ಕೃತಿಯ ಗ್ರಂಥಾಲಯ ಸ್ಥಾಪನೆಯಾಗಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಿವರ್‌ಸೈಡ್ ಕೇಂದ್ರ ಅದೇ ವರ್ಷ ಈಟನ್ ಎಂಬ ವೈದ್ಯನ ವಿಜ್ಞಾನಕಥಾ ಸಂಗ್ರಹವನ್ನು ಕೊಂಡುಕೊಂಡಿತು. ಅಯೋವಾ ವಿಶ್ವವಿದ್ಯಾನಿಲಯ 2012ರಲ್ಲಿ ರಸ್ಟಿ ಹೆವೆಲಿನ್ ಎಂಬ ಅಭಿಮಾನಿ ಕೂಡಿಟ್ಟ ಫ್ಯಾನ್‌ಝೀನ್‌ಗಳನ್ನು ಪಡೆದುಕೊಂಡಿತು. ಸೈಕ್ಲೋಸ್ಟೈಲ್ ಹಾಳೆಗಳನ್ನು ಶಾಸನದಷ್ಟೇ ಎಚ್ಚರದಿಂದ ಕಾಪಾಡುವ ಕೆಲಸ ಈಗ ನಡೆದಿದೆ. ಅದು ಕೆಲವು ಸಂಗ್ರಹಗಳಿಗೆ ಸಕಾಲದಲ್ಲಿ ದೊರಕಿತು, ಅಕರ್ಮನ್ನನದಕ್ಕೆ ದೊರಕಲಿಲ್ಲ.

ಇದರಿಂದ ಹೊರನಾಡ ಕನ್ನಡಿಗರಾದ ನಾವು ಕಲಿಯಬೇಕಾದುದು ಇಲ್ಲವೆ? 1947ರಲ್ಲಿ ಮದರಾಸಿನಲ್ಲಿ ತೆಲುಗು ತಮಿಳುಗಳಲ್ಲಿ ಪ್ರಾರಂಭವಾಗಿ ಬಳಿಕ ಕನ್ನಡಕ್ಕೂ ಬಂದ ‘ಚಂದಮಾಮ’ದ ಬೇತಾಳವನ್ನು, ಚಿತ್ರಕಾರ ಶಂಕರ್ ಬರೆದಂತೆ ವಿಕ್ರಮನ ಹೆಗಲ ಮೇಲೆ ಜೋತುಬಿದ್ದ ಆ ಹೆಣವನ್ನು, ಮರೆತ ಕನ್ನಡ ಮಕ್ಕಳಿರಲಾರರು. ಆ ಪತ್ರಿಕೆಯ ಚಿತ್ರಶೀರ್ಷಿಕೆ ಸ್ಪರ್ಧೆಯಲ್ಲಿ ಗೆದ್ದವರ ಹೆಸರು ಅಚ್ಚಾಗುತ್ತಿತ್ತು. ಓದುಗನನ್ನು ಪುಟದ ಒಳಗೆ ಕರೆದುಕೊಳ್ಳುವ ಕೆಲಸ ನಮ್ಮಲ್ಲಿಯೂ ನಡೆದಿತ್ತೆಂಬುದಕ್ಕೆ ಇದು ಸಾಕ್ಷಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಕನ್ನಡದ ಓದನ್ನು ರೂಢಿಸಿಕೊಂಡವರು ಅಸಂಖ್ಯರು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳ ಕಪಾಟುಗಳಲ್ಲಿ, ಕನ್ನಡ ಓದಲು ಬಾರದ ಮೊಮ್ಮಕ್ಕಳಿರುವ ಮನೆಗಳ ಅಟ್ಟಗಳಲ್ಲಿ ಇಂಥ ಪುಸ್ತಕ ಪತ್ರಿಕೆಗಳು ಇನ್ನೂ ಇವೆ. ಮನೆ ಬದಲಿಸುವಾಗ, ಹಿರಿಯರು ತೀರಿಕೊಂಡಾಗ ಅವು ಮೊದಲು ಹೋಗುವುದು ರದ್ದಿಯ ಅಂಗಡಿಗೆ. ಮಹಾಕಾವ್ಯಗಳಿಗೆ ಸಂಪಾದಕರಿದ್ದಾರೆ, ಶಾಸನಗಳಿಗೆ ಇಲಾಖೆಯಿದೆ. ತಿಂಗಳ ಪತ್ರಿಕೆಯ ಹಳೆಯ ಸಂಚಿಕೆಗೆ ಅದನ್ನು ಪ್ರೀತಿಸಿದ ಓದುಗನ ಹೊರತು ಯಾರೂ ಇಲ್ಲ.

ಇಂಥ ಓದುಗರು ಬದುಕಿರುವಾಗಲೇ ಅವರಲ್ಲಿರುವ ಪ್ರತಿಗಳ ಯಾದಿಯನ್ನು ಸಿದ್ಧಪಡಿಸುವುದು, ಅವರು ಏನನ್ನು ಯಾವಾಗ ಎಲ್ಲಿಂದ ತರಿಸಿಕೊಂಡು ಓದಿದರೆಂಬುದನ್ನು ಕೇಳಿ ಬರೆದುಕೊಳ್ಳುವುದು, ಹೇಳಿದ್ದನ್ನು ಪ್ರತಿಗಳೊಡನೆ ಹೋಲಿಸುವುದು ಕನ್ನಡ ಪೀಠಗಳ ಕರ್ತವ್ಯಗಳಲ್ಲಿ ಸೇರಬೇಕೆಂದು ನಾವು ಭಾವಿಸುತ್ತೇವೆ. ಮುಂದಿನ ಕಾಲದ ಸಂಶೋಧಕನಿಗೆ ನಮ್ಮ ಕಾಲದ ಯಾವ ಹಾಳೆ ಬೇಕಾದೀತೆಂದು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಅವನು ಬರುವವರೆಗೆ ಅದನ್ನು ಕಾದಿಡುವ ಹೊಣೆ ಮಾತ್ರ ನಮ್ಮದು.